ಒಸಾಕಾಕ್ಕೆ ಹೋದ ಟವೆಲು

ಮೂಡಲಗಿಯ ಲಕ್ಕಪ್ಪ ಅರವತ್ತೆರಡನೆಯ ವಯಸ್ಸಿನಲ್ಲಿ ಬಾಗುವುದನ್ನು ಕಲಿಯಲು ಶುರುಮಾಡಿದ. ತನ್ನ ಗಾಣದ ಬೆಲ್ಲ ಮಾರಲು ಜಪಾನಿನ ಒಸಾಕಾಕ್ಕೆ ಹೊರಟಿದ್ದ. ಕಲಿಸುವವಳು ಸೊಸೆ ನಂದಿನಿ. ಪುಣೆಯಲ್ಲಿ ಓದಿದವಳು, ಕಂಕುಳಲ್ಲಿ ಎಂಟು ತಿಂಗಳ ಶುಭಮ್.

"ಇನ್ನೊಂಚೂರು ಬಗ್ಗರಿ ಮಾವಾರ. ಬೆನ್ನು ನೆಟ್ಟಗಿರಲಿ!"

ಕಟ್ಟೆಯ ಮೇಲೆ ಕೂತಿದ್ದ ಹೆಂಡತಿ ಬಾಳವ್ವ ಕೇಳಿದಳು, "ಏನ್ ಕಳಕೊಂಡೀರಿ? ನಾನೂ ಹುಡುಕಾಕ ಬರಲೇನು?"

ನಂದಿನಿಗೆ ನಗು ಬರಲಿಲ್ಲ. ಮಗು ಸೀನಿದರೂ ಗೋಕಾಕದ ಆಸ್ಪತ್ರೆಗೆ ಓಡುವವಳು, ಮಾವ ಸಮುದ್ರ ದಾಟುವಾಗ ಸುಮ್ಮನಿರುತ್ತಾಳೆಯೇ? ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಒಂದೇ ಸಮನೆ ಬರೆದಳು. ಭೇಟಿಗೆ ಹದಿನೈದು ನಿಮಿಷ ಮೊದಲೇ ಹೋಗಿ. ಅವರ ಕಾರ್ಡನ್ನು ಎರಡೂ ಕೈಯಿಂದ ತೆಗೆದುಕೊಳ್ಳಿ, ಅದರ ಮೇಲೆ ಎಲೆ ಅಡಿಕೆ ಇಡಬೇಡಿ. ರೈಲಿನಲ್ಲಿ ಫೋನು ಹಿಡಿದು ಕೂಗಬೇಡಿ. ಅವರು ಸುಮ್ಮನೆ ಕೂತರೆ ಹೆದರಬೇಡಿ, ಯೋಚಿಸುತ್ತಿರುತ್ತಾರೆ. ಯಾರ ಮೈಯನ್ನೂ ಮುಟ್ಟಬೇಡಿ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ: ನಾಲ್ಕು ಜನರ ಎದುರು ಅವರ ಬಾಯಿಂದ ‘ಇಲ್ಲ’ ಎನ್ನಿಸಬೇಡಿ.

ಲಕ್ಕಪ್ಪನ ಚಿಂತೆ ಒಂದೇ. ಗಾಣದ ಮನೆಯ ದೊಡ್ಡ ಕಡಾಯಿಗೆ ಸಂಕೇಶ್ವರದ ಗುಜರಿಯವನೊಬ್ಬ ಕಣ್ಣು ಹಾಕಿದ್ದ. ತಿಂಗಳಿಗೆ ಮೂರು ಟನ್ ಬೆಲ್ಲವಾದರೂ ಹೋಗದಿದ್ದರೆ ಒಲೆ ಹಚ್ಚುವುದೇ ದಂಡ. "ನಾ ಬರಿಗೈಲೆ ಬಂದ್ರ ಕಡಾಯಿ ಒಯ್ಯಪಾ," ಎಂದು ಅವನಿಗೆ ಮಾತು ಕೊಟ್ಟೇ ವಿಮಾನ ಹತ್ತಿದ.

ಒಸಾಕಾದಲ್ಲಿ ಅವನು ಕಂಡಕಂಡವರಿಗೆಲ್ಲ ಬಾಗಿದ. ಪೊಲೀಸನಿಗೆ ಬಾಗಿದ, ಲಿಫ್ಟಿಗೆ ಬಾಗಿದ, ಚಹಾ ಕೊಡುವ ಯಂತ್ರ ಮಾತಾಡಿದಾಗ ಅದಕ್ಕೂ ಬಾಗಿದ. ಭೇಟಿಗೆ ಹದಿನೈದು ನಿಮಿಷವಲ್ಲ, ಎರಡು ತಾಸು ಮೊದಲೇ ಹೋಗಿ ಕೂತ.

ಸಿಹಿತಿಂಡಿ ಕಂಪನಿಯ ಹಿರೋಸೆ ಇಬ್ಬರು ಹಿರಿಯ ಅಧಿಕಾರಿಗಳ ನಡುವೆ ಕೂತಿದ್ದ. ಪಕ್ಕದಲ್ಲಿ ಹಿಂದಿ ಬಲ್ಲ ದುಭಾಷಿ ಹುಡುಗಿ. ಲಕ್ಕಪ್ಪನ ಸಂತೆಯ ಹಿಂದಿ ಅವಳಿಗೆ ಹೇಗೋ ತಿಳಿಯುತ್ತಿತ್ತು. ಹಿರೋಸೆ ಬೆಲ್ಲದ ಚೂರು ಚೀಪಿ ಕಣ್ಣರಳಿಸಿದ, ಲಕ್ಕಪ್ಪ ಉಡುಗೊರೆಯಾಗಿ ತಂದಿದ್ದ, ಹಲ್ಲಿಗಂಟುವ ಕರದಂಟಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. "ತಿಂಗಳಿಗೆ ಎಷ್ಟು ಟನ್?" ಎಂದು ಲಕ್ಕಪ್ಪ ಕೇಳಿದ ಮೇಲೆ ಕೋಣೆಯಲ್ಲಿ ಮೌನ. ಅದು ಯೋಚನೆಯ ಮೌನವೋ ಕರದಂಟಿನ ಮೌನವೋ ಗೊತ್ತಾಗಲಿಲ್ಲ. ಹಿರೋಸೆ ಒಮ್ಮೆ ಎಡಗಡೆಯ ಹಿರಿಯನನ್ನು, ಒಮ್ಮೆ ಬಲಗಡೆಯವನನ್ನು ನೋಡಿ ತಲೆ ತಗ್ಗಿಸಿದ.

ಆ ನೋಟ ಲಕ್ಕಪ್ಪನಿಗೆ ಹೊಸದಲ್ಲ. ಹರೆಯದಲ್ಲಿ ಅವನು ದನದ ಸಂತೆಯಲ್ಲಿ ದಲಾಲಿ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಒಪ್ಪದಿದ್ದರೆ ಇಬ್ಬರ ಮಾನವೂ ಟವೆಲಿನೊಳಗೇ ಉಳಿಯುತ್ತದೆ.

ಮುಟ್ಟಬೇಡಿ ಎಂದಿದ್ದಾಳೆ ಸೊಸೆ. ನಾಲ್ಕು ಜನರ ಎದುರು ಇಲ್ಲ ಎನ್ನಿಸಬೇಡಿ ಎಂದೂ ಅವಳೇ ಹೇಳಿದ್ದಾಳೆ. ಎರಡು ಗೆರೆ ಇರುವುದು ಇದಕ್ಕೆ! ಲಕ್ಕಪ್ಪ ಹೆಗಲ ಟವೆಲು ತೆಗೆದು ಬಲಗೈ ಮೇಲೆ ಹಾಕಿ ಮೇಜಿನಾಚೆ ಚಾಚಿದ.

"ಹೇಳವ್ವಾ ಅವರಿಗೆ, ಎಷ್ಟು ಬೆರಳು ಹಿಡಿತಾರೋ ಅಷ್ಟು ಟನ್. ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಕಾಣೂದಿಲ್ಲ."

ಹುಡುಗಿ ನಗು ತಡೆದುಕೊಂಡು ಹೇಳಿದಳು. ಹಿರಿಯರಿಬ್ಬರೂ ಕತ್ತು ಚಾಚಿದರು. ಹಿರೋಸೆ ಕೆಂಪಾದ. ಮೆಲ್ಲಗೆ ಕೈ ಒಳಗೆ ಬಂತು. ಒಂದು ಬೆರಳು. ಲಕ್ಕಪ್ಪ ಮೀಸೆಯಲ್ಲೇ ನಕ್ಕು ತಲೆ ಅಲ್ಲಾಡಿಸಿದ. ಎರಡು. ಲಕ್ಕಪ್ಪ ಇಡೀ ಹಸ್ತವನ್ನೇ ಅವನ ಮುಷ್ಟಿಗೆ ತುರುಕಿದ. ಹಿರೋಸೆ ಕುರ್ಚಿ ಅಲುಗುವಂತೆ ನಗತೊಡಗಿದ, ನಗುತ್ತಲೇ ಹೆಬ್ಬೆರಳೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗಟ್ಟಿಯಾಗಿ ಹಿಡಿದ.

ನಾಲ್ಕು!

ಲಕ್ಕಪ್ಪ ಬೀದಿಗೆ ಬಂದವನೇ ಮನೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

"ಮುಟ್ಟಿದ್ರೇನ್ರಿ ಮಾವಾರ!" ನಂದಿನಿಯ ಕಿರುಚಾಟಕ್ಕೆ ಶುಭಮ್ ಅತ್ತ. "ಅವರು ಸಿಟ್ಟಾಗಲಿಲ್ಲೇನ್ರಿ?"

"ನನ್ನ ಟವೆಲ್ ಇಸಗೊಂಡು ಮಡಚಿ ಇಟ್ಟಕೊಂಡ್ರವ್ವಾ. ಈಗ ಆ ಹಿರಿಯರಿಬ್ಬರೂ ನಮಗೂ ಒಂದೊಂದು ಅನ್ನಾಕತ್ತಾರ. ನಿನ್ನ ಹಾಳಿಯೊಳಗ ಬರಿ, ಮುಂದಿನ ಸಲ ಮೂರು ಟವೆಲ್, ಅವರಿಗೆರಡು ನನಗೊಂದು. ಮತ್ತ ನಿಮ್ಮ ಅತ್ತೆಗೆ ಹೇಳು, ಕಡಾಯಿ ತಿಕ್ಕಿಡು ಅಂತ."

ಆ ಕಡೆಯಿಂದ ಬಾಳವ್ವನ ದನಿ ಕೇಳಿಸಿತು: "ಹೆಂಗೂ ಬಗ್ಗೂದು ಕಲತೀರಲ್ಲ, ಬಂದು ನೀವಽ ತಿಕ್ಕರಿ!"