ಕಾಕಾ ಸತ್ತು ಏಳುತ್ತಿದ್ದ ಕಾಲ

ಮೊನ್ನೆ ಕೇಶ್ವಾಪುರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಶಾಲೆಯ ಗ್ಯಾದರಿಂಗ್‌ನಲ್ಲಿ ರಾಣಿಯ ಪಾತ್ರ ಮಾಡಿ ಬಂದಿದ್ದಳು. ಮುಖದ ಬಣ್ಣ ಸಾಬೂನಿಗೆ ಬಿಡುತ್ತಿಲ್ಲವೆಂದು ಅವಳ ತಾಯಿ ಕಂಗಾಲಾಗಿದ್ದರು. ನಾನೇ ಹೋಗಿ, ಹಳೆಯ ಧೋತರದ ತುಂಡಿಗೆ ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆ. ಆ ತುಂಡನ್ನು ಒಗೆಯಲು ಹಾಕುವ ಮುಂಚೆ ಯಾಕೋ ಮೂಗಿನ ಹತ್ತಿರ ಹಿಡಿದೆ. ಎಣ್ಣೆ, ಬೆವರು, ಬಣ್ಣದ ಪುಡಿ ಮೂರೂ ಕೂಡಿದ ಆ ಜಿಡ್ಡು ವಾಸನೆ ನನ್ನನ್ನು ಹಳೇ ಹುಬ್ಬಳ್ಳಿಯ ಓಣಿಗೆ, ನಮ್ಮ ಮಣ್ಣಿನ ಮಾಳಿಗೆಯ ಬಾಡಿಗೆ ಮನೆಗೆ ಕರೆದುಕೊಂಡು ಹೋಯಿತು. ಅಲ್ಲಿ ಪಡಸಾಲೆಯ ಗೂಟಕ್ಕೆ ಇಂಥದೇ ಒಂದು ಅರಿವೆ ಸದಾ ತೂಗುತ್ತಿತ್ತು. ಅದು ರುದ್ರಪ್ಪ ಕಾಕಾನ ಮುಖ ಒರೆಸುವ ಅರಿವೆ. ಅದನ್ನು ಯಾರೂ ಒಗೆಯಕೂಡದು ಎಂದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ತಾಕೀತು ಮಾಡಿದ್ದಳು. ಮಗ ಊರೂರು ತಿರುಗುವಾಗ ಮನೆಯಲ್ಲಿ ಅವನದೆಂದು ಉಳಿಯುತ್ತಿದ್ದದ್ದು ಅದೊಂದೇ.

ನಮ್ಮದು ಮೂಲತಃ ಅಮ್ಮಿನಬಾವಿ. ಹೊಲ ಪಾಲಾಗುತ್ತ ಪಾಲಾಗುತ್ತ ಎತ್ತು ತಿರುಗಲೂ ಜಾಗವಿಲ್ಲದಷ್ಟಾದಾಗ ಅಪ್ಪ ಹುಬ್ಬಳ್ಳಿಯ ರೇಲ್ವೆ ಕಾರಖಾನೆ ಸೇರಿದ. ಅವನ ತಮ್ಮ ರುದ್ರಪ್ಪ ಕಾಕಾ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡ್ರುವ ಬದಲು ಧಾರವಾಡದಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಜೊತೆ ಹೊರಟುಹೋದ. ಮೊದಮೊದಲು ಸಿಂಹಾಸನದ ಹಿಂದೆ ಚಾಮರ ಬೀಸಿದ, ಆಮೇಲೆ ಮೀಸೆ ಬರುವತನಕ ರಾಜಕುಮಾರಿಯ ಗೆಳತಿಯಾದ, ಮೀಸೆ ಬಂದ ಮೇಲೆ ಸೇನಾಪತಿಯಾದ. ರಾಜನ ಪಾತ್ರ ಅವನಿಗೆ ಎಂದೂ ಸಿಗಲಿಲ್ಲ. ಆದರೆ ಸಾಯುವುದರಲ್ಲಿ ಅವನ ಸಮ ಇನ್ನೊಬ್ಬರಿರಲಿಲ್ಲ. ಎದೆಗೆ ಕತ್ತಿ ನೆಟ್ಟ ಮೇಲೂ ಒಂದು ಹಾಡು ಪೂರ್ತಿ ಹಾಡಿ, ಮೂರೂ ದಿಕ್ಕಿಗೆ ಕೈ ಮುಗಿದು, ಮೊಣಕಾಲೂರಿ, ಕೊನೆಗೆ ಅಡ್ಡಬೀಳುವ ಹೊತ್ತಿಗೆ ಪೆಂಡಾಲಿನ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿರುತ್ತಿದ್ದರು. ಮೈಕಿಲ್ಲದ ಕಾಲದಲ್ಲಿ ಪಳಗಿದ ಕಂಠ ಅದು, ಕಟ್ಟಕಡೆಯ ಸಾಲಿಗೂ ತಲುಪುತ್ತಿತ್ತು. ಮನೆಗೆ ಬಂದಾಗ ನೀರು ಕೇಳಿದರೂ ಓಣಿಯ ಆ ತುದಿಯವರು ತಂಬಿಗೆ ಹಿಡಿದು ಹೊರಬರುತ್ತಿದ್ದರು.

ಆ ಕಾಲದ ಪ್ರೇಕ್ಷಕರನ್ನು ಬಲ್ಲವರಿಗೆ ನಾನು ಹೇಳಬೇಕಿಲ್ಲ. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎನ್ನುತ್ತಿದ್ದರು, ನಟ ಮತ್ತೆ ಹಾಡಬೇಕು. ಸಾವು ಹಿಡಿಸಿದರೂ ‘ಒನ್ಸ್ ಮೋರ್’ ಎನ್ನುತ್ತಿದ್ದರು, ನಟ ಎದ್ದು, ಧೂಳು ಕೊಡವಿಕೊಂಡು, ನಮಸ್ಕಾರ ಮಾಡಿ, ಮತ್ತೆ ಸಾಯಬೇಕು. ನನ್ನ ಕಾಕಾ ಹುಬ್ಬಳ್ಳಿಯಲ್ಲಿ ಒಂದೇ ಆಟದಲ್ಲಿ ಹೀಗೆ ಮೇಲಿಂದ ಮೇಲೆ ಸತ್ತವನು. ಮೊದಲು ಕೂಗುತ್ತಿದ್ದವಳು ಯಾವಾಗಲೂ ಹೆಂಗಸರ ಕಡೆ ಕುಳಿತ ಆಯಿಯೇ. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅದೊಂದೇ, ಅದನ್ನೂ ‘ವನಸಮೋರಾ’ ಎಂದೇ ಅನ್ನುತ್ತಿದ್ದಳು. ಮಗನ ಅಭಿನಯದ ಮೇಲಿನ ಹೆಮ್ಮೆ ಎಂದು ಜನ ತಿಳಿದಿದ್ದರು. ಸಂಗತಿ ಬೇರೆ ಇತ್ತು. ಆಯಿ ಹೆತ್ತವರಲ್ಲಿ ಅಪ್ಪ ಮತ್ತು ಕಾಕಾ ಮಾತ್ರ ಉಳಿದಿದ್ದರು, ಉಳಿದ ಕೂಸುಗಳನ್ನು ಒಂದೊಂದಾಗಿ ಅಮ್ಮಿನಬಾವಿಯ ಮಣ್ಣಿಗೆ ಕೊಟ್ಟು ಬಂದವಳು ಅವಳು. ಮಗ ಬಿದ್ದದ್ದನ್ನು ಕಂಡು ಸುಮ್ಮನೆ ಕೂಡ್ರುವುದು ಅವಳಿಂದಾಗುತ್ತಿರಲಿಲ್ಲ, ಎಬ್ಬಿಸಬೇಕಿತ್ತು. ಎದ್ದವನು ಮತ್ತೆ ಸಾಯುತ್ತಾನಲ್ಲ ಎಂದು ನಾನು ಕೇಳಿದರೆ, “ಸಾಯಲೇಳು, ಕಡೀಕ ಮಂಗಳಾರತಿಗೆ ಎಲ್ಲಾರೂ ಎದ್ದ ಬರ್ತಾರಲ್ಲ” ಎನ್ನುತ್ತಿದ್ದಳು. ಆ ಕೊನೆಯ ಹಾಡಿಗೆ ಕೊಂದವನೂ ಸತ್ತವನೂ ಒಂದೇ ಸಾಲಿನಲ್ಲಿ ನಿಂತು ಕೈ ಮುಗಿದ ಮೇಲೆಯೇ ಅವಳು ಜಾಗ ಬಿಟ್ಟು ಏಳುತ್ತಿದ್ದದ್ದು.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಕಂಪನಿಗಳು ಸೊರಗತೊಡಗಿದ್ದವು. ಒಂದು ರಾಜರಾಣಿ ಕಥೆಯ ಸಿನಿಮಾದಲ್ಲಿ ಸೇನಾಪತಿಯ ಪಾತ್ರಕ್ಕೆ ಮದರಾಸಿನಿಂದ ಕರೆ ಬಂತೆಂದು ಕಾಕಾ ಹೊರಟಾಗ ಓಣಿಗೆ ಓಣಿಯೇ ಸ್ಟೇಶನ್ನಿಗೆ ಬಂದಿತ್ತು. ಚಿತ್ರ ಮುಗಿಯಿತು, ಇನ್ನೊಂದು ಪಾತ್ರ ಸಿಕ್ಕೀತೆಂದು ಅಲ್ಲೇ ಉಳಿದಿದ್ದಾನೆ ಎಂಬ ಸುದ್ದಿ ಬಂತು. ಆಮೇಲೆ ಸುದ್ದಿಯೇ ಇಲ್ಲ. ಕಂಪನಿಯ ಹಾರ್ಮೋನಿಯಂ ಮಾಸ್ತರರು ಮದರಾಸಿಗೆ ಹೋಗಿ ಬಂದವರು, ರುದ್ರಪ್ಪ ವಿಷಮಜ್ವರದಿಂದ ಚಾಪೆ ಹಿಡಿದಿದ್ದ, ಮಾತಾಡಿಸಿದರೆ ಗುರುತು ಹತ್ತಲಿಲ್ಲ ಎಂದು ಅಪ್ಪನನ್ನು ಬದಿಗೆ ಕರೆದು ಹೇಳಿದರು. ಬದಿಗೆ ಕರೆದು ಹೇಳಿದ್ದು ನಮ್ಮ ಮನೆಯಲ್ಲಿ ಮೊದಲು ಕೇಳಿಸುತ್ತಿದ್ದದ್ದು ಆಯಿಗೇ. ಅಪ್ಪ ತಂತಿ ಕೊಟ್ಟ, ಉತ್ತರ ಬರಲಿಲ್ಲ. ರಜೆ ಸಿಕ್ಕರೆ ತಾನೇ ಹೋಗಿ ಬರುವೆನೆಂದು ಕಾರಖಾನೆಯಲ್ಲಿ ಕೇಳಿಕೊಂಡ. ಅದರ ನಡುವೆಯೇ ಆ ಸಿನಿಮಾ ಹುಬ್ಬಳ್ಳಿಗೆ ಬಂತು.

ಮೊದಲ ದಿನ ಮ್ಯಾಟಿನಿಗೆ ನಾವೆಲ್ಲ ಹೋದೆವು. ಕುದುರೆಯ ಮೇಲೆ ಬಂದ ಕಾಕಾನನ್ನು ಕಂಡು ಆಯಿ ದೃಷ್ಟಿ ತೆಗೆದಳು. ಇಂಟರ್ವಲ್ ಮುಗಿದು ಸ್ವಲ್ಪ ಹೊತ್ತಿಗೆ ಕಾಕಾ ಬಾಣ ತಾಕಿ ಕುದುರೆಯಿಂದ ಬಿದ್ದ. ಹಾಡಿಲ್ಲ, ಮಾತಿಲ್ಲ, ಕಣ್ಣು ಮುಚ್ಚಿದ, ಅಷ್ಟೆ. ಕತ್ತಲಲ್ಲಿ ಆಯಿ ಎದ್ದು ನಿಂತು “ವನಸಮೋರಾ!” ಎಂದು ಕೂಗಿದಳು. ಮುಂದಿನ ಸಾಲುಗಳು ಗೊಳ್ಳೆಂದವು. “ಕುಂಡ್ರಬೇ ಮುದುಕಿ, ಇದು ನಾಟಕಲ್ಲ!” ಎಂದು ಯಾರೋ ಒದರಿದರು. ಪರದೆಯ ಮೇಲೆ ಆಗಲೇ ರಾಜರಾಣಿ ತೋಟದಲ್ಲಿ ಹಾಡುತ್ತಿದ್ದರು. ಆಯಿ ಇನ್ನೊಮ್ಮೆ, ಮತ್ತೊಮ್ಮೆ ಕೂಗಿದಳು. ಕೊನೆಗೆ ಅಪ್ಪ ಅವಳನ್ನು ಕೈಹಿಡಿದು ಹೊರಗೆ ಕರೆತಂದ.

ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದ ಹುಸೇನಸಾಬ ನಮ್ಮ ಓಣಿಯವನೇ. ಆಯಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

“ಆಟ ಅಂತ ನನಗೂ ತಿಳೀತೈತೋ ಹುಸೇನಾ. ಮಳ್ಳಿ ಅಲ್ಲ ನಾ. ಆದರ ಅಂವ ಎದ್ದಿಲ್ಲಲ್ಲ.”

ಹುಸೇನಸಾಬನಿಗೂ ಜ್ವರದ ಸುದ್ದಿ ಗೊತ್ತಿತ್ತು. “ಆಯಿ, ನಾಳಿ ಮಧ್ಯಾಹ್ನ ಬರ್ರಿ. ಬೆಲ್ ಹೊಡದ ಕೂಡಲೆ ನಿಮ್ಮ ಮಗಾ ಎದ್ದು ಕುದುರಿ ಹತ್ತತಾನ. ಖರೇನ. ಸಿನೇಮಾದಾಗ ಸತ್ತಾವ್ರು ಮರುದಿನ ಏಳೂದನ್ನ ನಾ ಬಾಗಿಲದಾಗ ನಿಂತು ದಿನಾ ನೋಡಾಕತ್ತೇನಿ” ಎಂದ.

“ಮತ್ತ ಸಾಯ್ತಾನಲ್ಲೋ?”

“ಅದನ್ನ ಯಾಕ ನೋಡ್ತೀರಿ? ಇಂಟ್ರೋಲಕ್ಕ ಎದ್ದ ಹೋಗ್ರಿ.”

ಅಲ್ಲಿಂದ ಮುಂದೆ ದಿನವೂ ಕಾರಖಾನೆಯ ಮಧ್ಯಾಹ್ನದ ಭೋಂಗಾ ಕೂಗಿದ ಮೇಲೆ ಆಯಿ ನನ್ನ ಕೈಹಿಡಿದು ಹೊರಡುತ್ತಿದ್ದಳು. ನನ್ನ ಮಧ್ಯಾಹ್ನದ ಸಾಲೆ ತಪ್ಪಿತು, ಅವ್ವ ಗೊಣಗಿದಳು, ಅಪ್ಪ ಸುಮ್ಮನಾಗಿಸಿದ. ಹುಸೇನಸಾಬ ಗೋಡೆಯ ಬದಿಯ ಬಾಕಿನ ಮೇಲೆ ನಮ್ಮನ್ನು ಕೂಡ್ರಿಸುತ್ತಿದ್ದ. ಕಾಕಾ ಕುದುರೆ ಹತ್ತಿ ಬರುತ್ತಿದ್ದ, ಆಯಿಯ ಬಿಗಿದ ಬೆರಳು ನನ್ನ ಮಣಿಕಟ್ಟಿನ ಮೇಲೆ ಸಡಿಲಾಗುತ್ತಿತ್ತು. ದೀಪ ಹತ್ತಿದೊಡನೆ ಎದ್ದು ಬರುತ್ತಿದ್ದೆವು. ಮನೆಗೆ ಬಂದು ಅವಳು ಒಂದು ರೊಟ್ಟಿ ತಿನ್ನುತ್ತಿದ್ದಳು, ಸಿನಿಮಾ ನೋಡುವ ಮೊದಲು ಏನನ್ನೂ ಮುಟ್ಟುತ್ತಿರಲಿಲ್ಲ. ಅಪ್ಪನಿಗೆ ರಜೆ ಇನ್ನೂ ಸಿಕ್ಕಿರಲಿಲ್ಲ. ಗುರುವಾರ ಹುಸೇನಸಾಬ ತಲೆ ಕೆರೆಯುತ್ತ, ನಾಳೆಯಿಂದ ಬೇರೆ ಸಿನಿಮಾ, ಇದರ ಡಬ್ಬಿಗಳು ಗದಗಿಗೆ ಹೋಗುತ್ತವೆ ಎಂದ. ಆ ದಿನ ಕಾಕಾ ಕುದುರೆ ಹತ್ತಿದರೂ ಆಯಿಯ ಬೆರಳು ಸಡಿಲಾಗಲಿಲ್ಲ. ಗದಗಿಗೆ ದಿನಾ ಹೇಗೆ ಹೋಗುವುದು ಎಂದು ನಾನೂ ಯೋಚಿಸುತ್ತಿದ್ದೆ, ಹುಡುಗಿಯ ತಲೆ.

ದೀಪ ಹತ್ತಿತು, ಹೊರಗೆ ಬಂದೆವು. ಹುಸೇನಸಾಬ ಒಬ್ಬ ಗಂಡಸನ್ನು ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದ. ಬೋಳುತಲೆ, ಒಳಸೇರಿದ ಗಲ್ಲ, ಹೆಗಲಿಗೆ ಜೋತುಬಿದ್ದ ಅಂಗಿ. ನನಗೆ ಗುರುತು ಸಿಗಲಿಲ್ಲ. ಈಗಷ್ಟೇ ಕುದುರೆಯ ಮೇಲೆ ಕಂಡವನು ಇವನೇ ಎಂದು ಯಾರಿಗೆ ತಾನೇ ಅನಿಸೀತು? ಆಯಿ ಮಾತ್ರ ನಿಂತಲ್ಲೇ ನಿಂತು ಒದರಿದಳು:

“ಎಲ್ಲಿ ಸತ್ತಿದ್ಯೋ ಬಾಡ್ಯಾ ಇಷ್ಟ ದಿನಾ!”

ಕಾಕಾನ ಕಂಠ ಅರ್ಧಕ್ಕಿಳಿದಿತ್ತು. “ಮನೀಗಿ ಹ್ವಾದ್ರ ನೀ ಸಿನೇಮಾಕ್ಕ ಹೋಗೀದಿ ಅಂದ್ರು. ಸಾಯೋದು ಒಳಗ ಇನ್ನಾ ಬಾಕಿ ಐತಿ. ನಡಿ, ನೋಡೂಣು” ಎಂದ.

ಅವನ ಹೆಗಲು, ತಲೆ, ಕಿವಿ ಎಲ್ಲವನ್ನೂ ಮುಟ್ಟಿ ನೋಡಿದ ಮೇಲೆಯೇ ಆಯಿ ಒಳಗೆ ಬಂದಳು. ಬಾಕಿನ ಮೇಲೆ ನಡುವೆ ಕಾಕಾನನ್ನು ಕೂಡ್ರಿಸಿಕೊಂಡೆವು. ಪರದೆಯ ಮೇಲಿನ ಕಾಕಾ ಬಾಣ ತಾಕಿ ಬಿದ್ದ, ಕಣ್ಣು ಮುಚ್ಚಿದ. ಆಯಿ ಪಕ್ಕದವನ ತೊಡೆಯ ಮೇಲೆ ಕೈಯೂರಿ, ಕಣ್ಣು ಕಿರಿದು ಮಾಡಿ, ಮೊದಲ ಸಲ ಆ ಸಾವನ್ನು ಪೂರ್ತಿ ನೋಡಿದಳು. ಆಮೇಲೆ ಬೇಸರದ ಧ್ವನಿಯಲ್ಲಿ, “ಇದೇನೋ, ಇಷ್ಟ ಲಗೂ ಸತ್ತಿ? ಹಾಡಾ ಎಲ್ಲೈತಿ?” ಎಂದಳು. ಕಾಕಾ ನಕ್ಕ ನಗೆಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಯಾರಿಗೂ ಗುರುತಾಗಲಿಲ್ಲ.

ಮನೆಯಲ್ಲಿ ಗಂಜಿ ಕುಡಿಯುತ್ತ ಅವನು ಮದರಾಸಿನ ಕಥೆ ಹೇಳಿದ. ಜ್ವರ ಬಿಟ್ಟು ನಡೆಯಲು ಬಂದೊಡನೆ ರೈಲು ಹತ್ತಿದ್ದನಂತೆ, ಅಪ್ಪನ ತಂತಿ ಅವನ ಕೈಗೆ ತಲುಪಿರಲೇ ಇಲ್ಲವಂತೆ. ಮಾತಾಡಲು ಬಾಯಿ ತೆರೆದರೆ “ಮೆಲ್ಲಗೆ, ಮೈಕ್ ಇಲ್ಲೇ ಇದೆ” ಎನ್ನುತ್ತಿದ್ದರಂತೆ. ಸಾಯುವ ದೃಶ್ಯದ ದಿನ ಬಿದ್ದು ಕಣ್ಣು ಮುಚ್ಚಿದಾಗ ಡೈರೆಕ್ಟರ್ “ಒನ್ಸ್ ಮೋರ್” ಎಂದರಂತೆ. ಮದರಾಸಿನಲ್ಲೂ ನನ್ನ ಸಾವು ಹಿಡಿಸಿತಲ್ಲ ಎಂದು ಕಾಕಾ ಉಬ್ಬಿ, ಎದ್ದು, ಸುತ್ತಲೂ ಕೈ ಮುಗಿದನಂತೆ. “ಸರಿ ಬರಲಿಲ್ಲ, ಇನ್ನೊಮ್ಮೆ ಮಾಡ್ರಿ ಅಂತ ಅದರ ಅರ್ಥ ಅಂತ! ನಾ ನಮಸ್ಕಾರ ಮಾಡೂದ ನೋಡಿ ಲೈಟ್ ಹಿಡದಾಂವಾ ಸುದ್ದಾ ನಕ್ಕ.” ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಆ ಮೇಲೆ ಕಾಕಾ ಸಿನಿಮಾ ಮಾಡಲಿಲ್ಲ. ಕಂಠ ಪೂರ್ತಿ ಮರಳಲಿಲ್ಲವಾದ್ದರಿಂದ ಕಂಪನಿಯೂ ಕರೆಯಲಿಲ್ಲ. ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ನಾಟಕ ಕಲಿಸುವ ಮಾಸ್ತರನಾದ. ಹಾಗೆ ಬಂದ ದುಡ್ಡಿನಲ್ಲಿ ನನ್ನ ಓದಿಗೂ ನೆರವಾದ. ಕಾಲೇಜಿಗೆಂದು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಕೇಳಲು ಹೋದಾಗ ಮನೆಯೊಡತಿ “ನಾಟಕದವರ ಪೈಕೇನ?” ಎಂದು ಮೂಗು ಮುರಿದಳು, “ಹೌದ್ರಿ” ಎಂದೆ. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನು. ಅದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಿಲ್ಲ, ಯಾರ ದುಡಿಮೆಯಿಂದ ಎಂಬುದಕ್ಕೂ ಇಲ್ಲ.

ನಾನು ಪದವೀಧರೆಯಾದದ್ದನ್ನು ನೋಡಿದ ಮೇಲೆಯೇ ಆಯಿ ತೀರಿಕೊಂಡಳು. ವಿಭೂತಿ ಹಚ್ಚಿ ಅವಳನ್ನು ಪಡಸಾಲೆಯಲ್ಲಿ ಕೂಡ್ರಿಸಿದಾಗ ಕಾಕಾ ರಂಗದ ಮೇಲಿನಂತೆ ಎದೆ ಬಡಿದುಕೊಂಡಾನೆಂದು ಜನ ಕಾದಿದ್ದರು. ಅವನು ತಾಯಿಯ ತಲೆಯ ಮೇಲಿಂದ ಜಾರಿದ ಸೆರಗನ್ನು ಸರಿಮಾಡಿ, ಪಕ್ಕಕ್ಕೆ ನಿಂತ. “ನಾಟಕದಾಂವಗ ಅಳಾಕ ಬರಲಿಲ್ಲ ನೋಡ್ರಿ” ಎಂದು ಯಾರೋ ಅಂದರು. ಮಣ್ಣು ಮಾಡಿ ಬಂದು, ಗೋಡೆಗೆ ಒರಗಿ ಕುಳಿತು, ನನ್ನನ್ನು ಕರೆದ. “ಶಾಂತವ್ವ, ಆಕಿ ಮೊದಲ ಹ್ವಾದ್ಲು. ಛಲೋ ಆತು. ಮದರಾಸಿನ್ಯಾಗ ಜ್ವರ ಬಂದು ಬಿದ್ದಾಗ ನಾ ಬೇಡಿಕೊಂಡಿದ್ದು ಇದೊಂದ.”

ಆ ಓಣಿ ಈಗಿಲ್ಲ. ಮಾಳಿಗೆ ಮನೆ ಇದ್ದಲ್ಲಿ ಮೂರಂತಸ್ತಿನ ಅಂಗಡಿಗಳಿವೆ. ಆ ಸಿನಿಮಾದ ಒಂದು ಡಬ್ಬಿಯೂ ಎಲ್ಲೂ ಉಳಿದಿಲ್ಲವೆಂದು ತಿಳಿದವರು ಹೇಳುತ್ತಾರೆ. ಆಯಿ ಹೋದ ಎಷ್ಟೋ ವರ್ಷಗಳ ಮೇಲೆ ಕಾಕಾ, ಒಂದು ಮಧ್ಯಾಹ್ನ ಉಂಡು ಮಲಗಿದಲ್ಲೇ ಹೋದ. ನಾವು ಅಳುವಷ್ಟು ಅತ್ತೆವು. ಸದ್ಯ, ನೋಡಲು ಆಯಿ ಇರಲಿಲ್ಲ.