ಹಗೇವಿಗೆ ಇಳಿಬಿಟ್ಟ ಮೈಕು

ಕೊಟ್ಟೂರಿನ ಗವಿಸಿದ್ದೇಶನ ಕಿವಿಯ ಬಗ್ಗೆ ಊರಲ್ಲಿ ಎರಡು ಮಾತಿರಲಿಲ್ಲ. ಬಾಯಿಯ ಬಗ್ಗೆ ಇತ್ತು ಅನ್ನಿ. ಯಾರಾದರೂ ಶ್ರುತಿ ಬಿಟ್ಟು ಹಾಡಿದರೆ ಅವರೆದುರಿಗೇ ಮೂಗು ಮುರಿದು, ಚಹಾ ಕುಡಿದು ಬರ್ರಿ ಅಂತ ಎಬ್ಬಿಸಿ ಕಳಿಸುತ್ತಿದ್ದ. ಆದರೆ ಮದುವೆ ಮನೆಯಲ್ಲಿ ಮೈಕು ಗೊರಗೊರ ಅಂದರೆ ಯಾವ ವೈರಿನ ಬೆಸುಗೆ ಬಿಟ್ಟಿದೆಯೆಂದು ಪೆಂಡಾಲಿನ ಆಚೆ ನಿಂತೇ ಹೇಳುತ್ತಿದ್ದ. ಅಪ್ಪ ಏಕಾಂತಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಅವರು ತೀರಿಕೊಂಡಾಗ ಮಗನಿಗೆ ಉಳಿದದ್ದು ಸ್ಟೇಷನ್ ಕಡೆಯ ಹಳೇ ಮನೆ, ಎರಡು ಹಾರ್ನು, ಗಾಜಿನ ವಾಲ್ವುಗಳ ಒಂದು ಆಂಪ್ಲಿಫೈಯರ್ ಮತ್ತು ಈ ಕಿವಿ.

ಮೈಕಿನಿಂದ ಅವನು ರೆಕಾರ್ಡಿಂಗ್ ಕಡೆ ಹೊರಳಿದ. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಭಜನೆ ಮೇಳದವರು ಬಂದು ಹಾಡುತ್ತಿದ್ದರು, ಇವನು ಕ್ಯಾಸೆಟ್ ಮಾಡಿಕೊಡುತ್ತಿದ್ದ. ನಡುಮನೆಯ ಗೋಡೆಗೆ ಗೋಣಿಚೀಲ, ಹಳೇ ಕೌದಿ ಬಡಿದು ಅದಕ್ಕೆ ಸ್ಟುಡಿಯೋ ಅಂತ ಹೆಸರಿಟ್ಟಿದ್ದ. ಹೆಂಡತಿ ಪುಷ್ಪಲತಾ ಒಗ್ಗರಣೆ ಹಾಕುವ ಮುಂಚೆ ಅಡುಗೆಮನೆಯಿಂದ ಇಣುಕಿ, "ಹಾಕ್ಲೇನ್ರಿ?" ಅಂತ ಅಪ್ಪಣೆ ಕೇಳಬೇಕಿತ್ತು. ಪಾಪ, ಎಷ್ಟೋ ಸಲ ಎಣ್ಣೆ ಹೊಗೆಯಾಡುವತನಕ ಕಾದಿದ್ದಾಳೆ.

ಎರಡು ಸಾವಿರದ ನಾಲ್ಕರಲ್ಲಿ ದಾವಣಗೆರೆಯ ಆರ್ಕೆಸ್ಟ್ರಾದವನೊಬ್ಬ ಕಂಪ್ಯೂಟರ್ ಕೊಂಡು ತನ್ನ ಡಿಜಿಟಲ್ ರೆಕಾರ್ಡರ್ ಮಾರಿದ. ಅದು ಗವಿಸಿದ್ದೇಶನ ಮನೆಗೆ ಬಂತು. ಅದರಲ್ಲಿ ಎಂಟು ಟ್ರ್ಯಾಕು. ಹಾಡು ಒಂದರಲ್ಲಿ, ಹಾರ್ಮೋನಿಯಂ ಇನ್ನೊಂದರಲ್ಲಿ, ತಬಲಾ ಮತ್ತೊಂದರಲ್ಲಿ. ಒಂದನ್ನು ಅಳಿಸಿ ಮತ್ತೆ ಹಾಡಿಸಿದರೂ ಉಳಿದವಕ್ಕೆ ಏನೂ ಆಗುವುದಿಲ್ಲ. ಮೊದಲ ವಾರ ಅವನು ಹೊಸ ಅಳಿಯನ ಹಾಗೆ ಬೀಗುತ್ತಾ ಓಡಾಡಿದ. ಎರಡನೇ ವಾರಕ್ಕೆ ಮುಖ ಗಂಟಿಕ್ಕಿತು. ಟೇಪಿನಲ್ಲಿ ಹಾಡುವವರು ಸುಮ್ಮನಾದರೂ ಸುಯ್ ಅನ್ನುವ ಒಂದು ಉಸಿರು ಇರುತ್ತಿತ್ತು. ಇದರಲ್ಲಿ ಹಾಡು ನಿಂತರೆ ಏನೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಆ ಏನೂ ಇಲ್ಲದ್ದನ್ನು ಕೇಳುವಾಗ ಅವನಿಗೆ ಹಿಂದೆ ಯಾರೋ ಬಂದು ನಿಂತ ಹಾಗಾಗುತ್ತಿತ್ತು.

ಆ ಬೇಸಿಗೆಯಲ್ಲಿ ಹೆಂಡತಿ ಅನ್ನದಾನಮ್ಮನನ್ನು ಕರೆದುಕೊಂಡು ಗುರುಸಂಗಪ್ಪ ಬಂದರು. ಶೇಂಗಾ ವ್ಯಾಪಾರ ಮಾಡಿ ಮಕ್ಕಳಿಗೆ ಒಪ್ಪಿಸಿ ಆರಾಮಾಗಿದ್ದ ಮನುಷ್ಯ, ಅವತ್ತು ಮುಖ ಇಷ್ಟು ಸಣ್ಣಗಾಗಿತ್ತು.

"ಇಕಿ ದನಿ ಹಿಡಿದಿಡಪಾ ಗವಿಸಿದ್ದೇಶ. ಹುಬ್ಬಳ್ಳಿ ಡಾಕ್ಟರು ಗಂಟಲ ಪೆಟಿಗಿನ ತಗೀಬೇಕು ಅಂದಾರ. ಆಮ್ಯಾಲ ಇಕಿ ಮಾತಾಡಂಗಿಲ್ಲ," ಅಂದರು. "ಬಳ್ಳಾರ್ಯಾಗ ದೊಡ್ಡ ಸ್ಟುಡಿಯೋ ಐತಿ ಅಂದ್ರ ಕೇಳವಲ್ಲಳು. ಇದ ಮನಿ ಆಗಬೇಕಂತ."

"ನಾ ಹುಟ್ಟಿದ ಮನಿ ಇದು," ಅಂದರು ಅನ್ನದಾನಮ್ಮ. ಅವರ ದನಿ ಆಗಲೇ ಒಡೆದಿತ್ತು. "ನಮ್ಮಣ್ಣಗಳು ನಿಮ್ಮಪ್ಪಗ ಮಾರಿದ್ರು. ಹಿತ್ತಲಾಗ ಹಗೇವು ಹಂಗ ಐತೇನಪಾ?"

ಜೋಳ ತುಂಬಿಡುವ ನೆಲದೊಳಗಿನ ಕಣಜಕ್ಕೆ ನಮ್ಮ ಕಡೆ ಹಗೇವು ಅನ್ನುತ್ತಾರೆ. ಆಳು ಇಳಿಯುವಷ್ಟೇ ಬಾಯಿ, ಒಳಗೆ ದೊಡ್ಡ ಹೊಟ್ಟೆ, ಮೇಲೊಂದು ಬಂಡೆ. ಜೋಳ ಬಿತ್ತುವವರು ಕಡಿಮೆಯಾದ ಮೇಲೆ ಅದರ ಗೊಡವೆ ಯಾರಿಗೂ ಇರಲಿಲ್ಲ. ಐತಿ ಅಂದ ಗವಿಸಿದ್ದೇಶ. ಅನ್ನದಾನಮ್ಮ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ ಮೈಕಿನ ಮುಂದೆ ಕೂತರು.

ಅವರು ಹಾಡಿದ್ದು ಹೆಂಗಸರು ಕಾಳು ತೆಗೆಯುವಾಗ ಹೇಳುವ ಪದ.

ಕಾಳೆಲ್ಲ ಕೈತುಂಬ ಕೊಡು ತಾಯಿ ನೆಲದವ್ವ
ಮ್ಯಾಲಿನ ಮಂದಿ ಹಸದೀವಿ

ಹಾಡಿ, ಸುಮ್ಮನಾದರು. ಒಂದು ಸಾಲು ಹೇಳುವಷ್ಟು ಹೊತ್ತು ಸುಮ್ಮನಿದ್ದು ಮುಂದಿನ ಸಾಲು ಎತ್ತಿಕೊಂಡರು. ಪದ ಮುಗಿಯುವತನಕ ಹೀಗೇ. ಉಸಿರು ಸಾಲುತ್ತಿಲ್ಲ ಪಾಪ ಅಂದುಕೊಂಡ ಗವಿಸಿದ್ದೇಶ.

"ನಡುವಿನ ಖಾಲಿ ಜಾಗ ಮಶಿನ್ನ್ಯಾಗ ತೆಗದ್ಬಿಡ್ತೀನಿ ಅವ್ವಾರ. ಪದ ಒಂದ ಸಮ ಕೇಳತೈತಿ."

"ಅದನ್ನ ಮುಟ್ಟಬ್ಯಾಡ," ಅಂದರು ಅವರು. ದನಿ ಮೆತ್ತಗಿದ್ದರೂ ಅವನ ಕೈ ಗುಂಡಿಯಿಂದ ಹಿಂದೆ ಬಂತು.

ಮರುದಿನ ಗುರುಸಂಗಪ್ಪ ಒಬ್ಬರೇ ಬಂದು ಕೇಳಿದರು. ಕೇಳಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ದನಿ ಅಕಿದ ಐತಿ. ಆದ್ರ ಇದ್ರಾಗ ಅಕಿ ಇಲ್ಲಪಾ," ಅಂದರು. ಬೇರೆ ಯಾರಾದರೂ ಅಂದಿದ್ದರೆ ಗವಿಸಿದ್ದೇಶ ಜಗಳಕ್ಕೇ ಬೀಳುತ್ತಿದ್ದ. ಆದರೆ ಮುದುಕರ ಮಾತು ನಿಜವಾಗಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಇನ್ನೊಮ್ಮೆ ಹಾಡಿಸುವಷ್ಟು ಗಂಟಲು ಅವರಿಗೆ ಉಳಿದಿರಲಿಲ್ಲ. ಇದ್ದದ್ದರಲ್ಲೇ ಅವರನ್ನು ಮರಳಿ ತರಬೇಕಿತ್ತು.

ಅಟ್ಟದ ಮೇಲಿದ್ದ ಅಪ್ಪನ ಆಂಪ್ಲಿಫೈಯರ್ ಕೆಳಗಿಳಿಸಿದ. ಧೂಳು ಒರೆಸಿ, ವಾಲ್ವಿನ ಕಾಲುಗಳನ್ನು ತಿಕ್ಕಿ, ಗುಂಯ್ ಅನ್ನದ ಹಾಗೆ ಅದರ ಮೈಯಿಂದ ಒಂದು ತಂತಿ ಎಳೆದು ಬಚ್ಚಲ ಹಿಂದಿನ ಹಸಿ ಮಣ್ಣಿಗೆ ಹುಗಿದ. ರೆಕಾರ್ಡರಿನಲ್ಲಿದ್ದ ಹಾಡನ್ನು ಹೊರಗೆ ತೆಗೆದು, ಆ ಬಿಸಿ ವಾಲ್ವುಗಳೊಳಗೆ ಹಾಯಿಸಿ, ಕ್ಯಾಸೆಟ್ ಡೆಕ್ಕಿನಲ್ಲಿ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುವಷ್ಟು ಜೋರಾಗಿ ಟೇಪಿಗಿಳಿಸಿ, ಮತ್ತೆ ಡಿಜಿಟಲ್ಲಿನ ಖಾಲಿ ಟ್ರ್ಯಾಕಿಗೆ ತುಂಬಿದ. ಡಿಜಿಟಲ್ಲಿನಲ್ಲಿ ಕೆಂಪು ಮುಟ್ಟಿದರೆ ಹಾಡು ಒಡೆದೇ ಹೋಗುತ್ತದೆ. ಟೇಪು ಹಾಗಲ್ಲ, ಅದು ಜೋರನ್ನು ತಡೆದುಕೊಂಡು ಮೆತ್ತಗೆ ಮಾಡಿಕೊಡುತ್ತದೆ. ಒಣಗಿದ್ದ ದನಿಗೆ ಮಾಂಸ ಬಂತು. ಖಾಲಿ ಜಾಗಗಳಲ್ಲಿ ಸುಯ್ ಅನ್ನುವ ಉಸಿರು ಬಂತು. ಅವನಿಗೆ ಖುಷಿಯಾಗಿ ಪುಷ್ಪಲತಾಳನ್ನು ಕರೆದು ಕೇಳಿಸಿದ.

"ಎಲ್ಲಾ ಚಂದ ಐತಿ. ಆದ್ರ ಗ್ವಾಡಿ ಇಲ್ಲದ ಜಾಗದಾಗ ಹಾಡಿದಂಗೈತಿ," ಅಂದಳು ಅವಳು. ಮಾರಾಯ್ತಿ ಸರಿಯಾಗೇ ಹೇಳಿದ್ದಳು, ದನಿ ಬಡಿದು ತಿರುಗಿ ಬರುವ ಗೋಡೆಯೇ ಅದರಲ್ಲಿರಲಿಲ್ಲ. ಮಶಿನ್ನಿನಲ್ಲಿದ್ದ ಪ್ರತಿಧ್ವನಿ ಹಾಕಿದರೆ ತಗಡಿನ ಡಬ್ಬಿಯಲ್ಲಿ ಹಾಡಿದ ಹಾಗಿತ್ತು. ಆಗ ಅವನಿಗೆ ಹಗೇವು ನೆನಪಾಯಿತು. ಕಲ್ಲು ಕಟ್ಟಿದ ಹೊಟ್ಟೆ, ಸಣ್ಣ ಬಾಯಿ, ಪೂರಾ ಖಾಲಿ. ಒಂದು ಸ್ಪೀಕರ್, ಒಂದು ಮೈಕು ಇಳಿಬಿಟ್ಟು, ಹಾಡನ್ನು ಒಳಗೆ ನುಡಿಸಿ, ತಿರುಗಿ ಬರುವ ದನಿಯನ್ನು ಹಿಡಿದರೆ?

"ಹಗೇವು ತೆಗಿಯೂದು ಹುಡುಗಾಟಲ್ಲರಿ," ಅಂದಳು ಪುಷ್ಪಲತಾ. "ಬಾಯಿ ತಗದು ಒಂದಿನ ಗಾಳಿಗೆ ಬಿಡ್ರಿ. ಆಮ್ಯಾಲ ದೀಪ ಇಳಸ್ರಿ. ದೀಪ ಆರಿದ್ರ ಒಳಗಿನ ಗಾಳಿ ಕೆಟ್ಟೈತಿ ಅಂತ ತಿಳಕೋರಿ."

ಹಾಗೇ ಮಾಡಿದ. ದೀಪ ಆರಲಿಲ್ಲ, ಆದರೆ ಗಾಳಿಯೇ ಆಡದ ಆ ಆಳದಲ್ಲಿ ಕುಡಿ ಒಂದೇ ಕಡೆ ಬಾಗಿ ನಿಂತಿತು. ಸ್ಪೀಕರನ್ನೂ ಮೈಕನ್ನೂ ಇಳಿಬಿಟ್ಟು ಗವಿಸಿದ್ದೇಶ ಮನೆಯೊಳಗೆ ಬಂದು ಹೆಡ್‌ಫೋನ್ ಹಾಕಿಕೊಂಡ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಹಾಡು ಶುರುವಾಯಿತು. ಕಲ್ಲಿನ ಹೊಟ್ಟೆ ಸಾಲನ್ನು ನುಂಗಿ, ದುಂಡಗೆ ಮಾಡಿ ತಿರುಗಿ ಕೊಟ್ಟಿತು. ಇಂಥದ್ದನ್ನು ಯಾವ ಮಶಿನ್ನೂ ಕೊಡಲಾರದು ಅಂತ ಅವನು ತೊಡೆ ತಟ್ಟಿಕೊಂಡ. ಸಾಲು ಮುಗಿಯಿತು, ಪ್ರತಿಧ್ವನಿ ತೀರಿತು, ಖಾಲಿ ಜಾಗ ಬಂತು. ಆ ಖಾಲಿ ಜಾಗದಲ್ಲಿ ಯಾರೋ ಅದೇ ಸಾಲನ್ನು ಹಾಡಿದರು.

ಸಣ್ಣ ದನಿ. ಎಳೇ ಹುಡುಗಿಯದು.

ಅವನ ಮೈಮೇಲಿನ ಕೂದಲೆಲ್ಲ ನಿಂತವು. ಆದರೆ ಕಸುಬಿನವನು ನೋಡಿ, ಮೊದಲು ವೈರನ್ನೇ ಅನುಮಾನಿಸಿದ. ಹಳೇ ಕ್ಯಾಸೆಟ್ಟಿನಲ್ಲಿ ಪೂರಾ ಅಳಿಯದೆ ಉಳಿದದ್ದಿರಬೇಕು ಅಂತ ಹೊಸದೊಂದರ ಪೊಟ್ಟಣ ಬಿಚ್ಚಿ ಅದಕ್ಕೆ ಹಾಡು ಇಳಿಸಿ ನೋಡಿದ. ಬಂತು. ಟೇಪನ್ನೇ ಬಿಟ್ಟು ಮೊದಲಿನ ಒಣ ಹಾಡನ್ನು ನುಡಿಸಿದ. ಬಂತು. ವಾಲ್ವು ರೇಡಿಯೋ ಹಿಡಿಯುತ್ತಿರಬಹುದು ಅಂತ ಅದನ್ನು ಕಿತ್ತಿಟ್ಟು ಬೇರೊಂದು ಸಣ್ಣ ಆಂಪ್ಲಿಫೈಯರ್ ಹಚ್ಚಿದ. ಆಗಲೂ ಬಂತು. ಸ್ಪೀಕರ್ ಬಂದ್ ಮಾಡಿ ಬರೀ ಮೈಕನ್ನು ಕೇಳಿದಾಗ ಮಾತ್ರ ಹಾಡಿರಲಿಲ್ಲ. ಆದರೆ ಕೆಳಗೆ ಯಾರೋ ಮುಂದಿನ ಸಾಲಿಗೆ ಕಾಯುತ್ತಾ ಕೂತ ಹಾಗಿತ್ತು. ಹೆಡ್‌ಫೋನ್ ಕಿತ್ತೆಸೆದು ಅಡುಗೆಮನೆಗೆ ಹೋಗಿ ಹೆಂಡತಿಯ ಪಕ್ಕ ನಿಂತ.

ಅನ್ನದಾನಮ್ಮನಿಗೆ ಮಾತ್ರ ಹೇಳಿಕಳಿಸಿದ. ಅವರು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು ಕೇಳಿದರು. ಹೆದರಲಿಲ್ಲ. ಬಹಳ ದಿನದ ಮೇಲೆ ತವರಿನವರನ್ನು ಕಂಡವರ ಹಾಗೆ ಮುಖ ಅರಳಿತು, ಕಣ್ಣು ತುಂಬಿತು.

"ಮೈಲಮ್ಮ," ಅಂದರು. "ನಮ್ಮಕ್ಕ."

ಆಮೇಲೆ ತಡೆತಡೆದು ಹೇಳಿದರು. ಹಗೇವಿಗೆ ಆಗೆಲ್ಲ ಕಾಳು ತೆಗೆಯಲು ಸಣ್ಣ ಮಕ್ಕಳನ್ನು ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಮೇಲಿದ್ದವರು ಪದದ ಒಂದು ಸಾಲು ಹಾಡಬೇಕು, ಕೆಳಗಿದ್ದವರು ಅದೇ ಸಾಲನ್ನು ತಿರುಗಿ ಹಾಡಬೇಕು. ದನಿ ಬರುವತನಕ ಕೆಳಗಿನ ಜೀವ ಚೆನ್ನಾಗಿದೆ ಅಂತ ಅರ್ಥ. ದನಿ ನಿಂತರೆ ಹಿಂದುಮುಂದು ನೋಡದೆ ಹಗ್ಗ ಎಳೆಯಬೇಕು.

"ಅವತ್ತು ಮ್ಯಾಲ ಹಾಡಾಕಿ ನಾನ. ಅಕಿ ದನಿ ನಿಂತುಬಿಡ್ತು. ಎಲ್ಲಾರೂ ಎಳದ್ರು. ಹಗ್ಗ ಹಗುರಕ ಬಂತಪಾ. ಮೂಲ್ಯಾಗಿನ ಕಾಳಿಗೆ ಎಟುಕ್ಲಿಲ್ಲ ಅಂತ ಹಗ್ಗ ಬಿಚ್ಚಿಕೊಂಡಿದ್ಲು." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆಮ್ಯಾಲ ಹೆಣಾ ತಗದ್ರು. ಆದ್ರ ನಾ ಹಾಡೂದು ಬಿಡ್ಲಿಲ್ಲ. ನಾ ಎಲ್ಲೇ ಇರ್ಲಿ, ಹಾಡಿ ಅಕಿಗೆ ಜಾಗ ಬಿಡತೀನಿ. ಈಗ ನನ್ನ ಗಂಟಲ ತಗೀತಾರ. ಮ್ಯಾಲಿನ ದನಿ ನಿಂತ್ರ ಕೆಳಗಿದ್ದಾಕಿ ಏನಂತ ತಿಳಕೋಬೇಕು? ಎಲ್ಲಾರೂ ಬಿಟ್ಟು ಹ್ವಾದ್ರು ಅಂತ ತಿಳಕೊಳ್ಳಂಗಿಲ್ಲೇನು?"

ಗವಿಸಿದ್ದೇಶನಿಗೆ ಆಗ ತಿಳಿಯಿತು. ಈ ಹೆಂಗಸು ತನ್ನ ದನಿ ಉಳಿಸಿಕೊಳ್ಳಲು ಬಂದವರೇ ಅಲ್ಲ.

"ಸೋಮವಾರಕ್ಕೊಮ್ಮೆ ಕೇಳಸ್ತೀನವ್ವಾರ. ನಾ ಇರೂತನಕ," ಅಂದ.

"ನಮ್ಮ ಮನಿಯವರಿಗೆ ಇದನ್ನ ಕೊಡಬ್ಯಾಡ. ಹೆದರ್ತಾರ. ನನ್ನ ದನಿ ಒಂದ ಸಾಕು."

ಹಾಗಾಗಿ ಗುರುಸಂಗಪ್ಪನವರಿಗೆ ಹಗೇವಿನ ಟ್ರ್ಯಾಕು ಬಿಟ್ಟು ವಾಲ್ವು, ಟೇಪು ಹಾಯ್ದ ಹಾಡನ್ನಷ್ಟೇ ಸೀಡಿ ಮಾಡಿಕೊಟ್ಟ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಈಗ ಅದಾಳ ನೋಡು," ಅಂದರು. ಗವಿಸಿದ್ದೇಶ ಆ ಮಾತನ್ನು ಬಹಳ ದಿನ ಜಂಬದಿಂದ ಹೇಳಿಕೊಂಡು ಓಡಾಡಿದ.

ಆಪರೇಷನ್ ಆಯಿತು. ಅನ್ನದಾನಮ್ಮ ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಸೋಮವಾರ ಮಧ್ಯಾಹ್ನ ಬರುತ್ತಿದ್ದರು. ಹಗೇವಿನ ಬಾಯಿಯ ಪಕ್ಕ ಪುಷ್ಪಲತಾ ಹಾಕಿದ ಮಣೆಯ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಕೆಳಗೆ ಅವರದೇ ದನಿ ಹಾಡುತ್ತಿತ್ತು, ಇಲ್ಲಿ ತುಟಿ ಅಲ್ಲಾಡುತ್ತಿತ್ತು. ಖಾಲಿ ಜಾಗ ಬಂದಾಗ ತುಟಿ ನಿಲ್ಲಿಸಿ ತಲೆಯಾಡಿಸುತ್ತಿದ್ದರು. ಗಂಡನಿಂದ ಎಲ್ಲಾ ತಿಳಿದಿದ್ದ ಪುಷ್ಪಲತಾ ಒಮ್ಮೆಯೂ ಆ ಹೆಡ್‌ಫೋನಿಗೆ ಕಿವಿ ಕೊಡಲಿಲ್ಲ. ಆದರೂ ಸೋಮವಾರ ಬಂತೆಂದರೆ ಹಗೇವಿನ ಬಾಯಿಯ ಸುತ್ತ ತಾನೇ ಸಾರಿಸಿಡುತ್ತಿದ್ದಳು.

ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಮುಗಿಯಿತು. ಮೇಳದವರು ಮೊಬೈಲಿನಲ್ಲೇ ಹಾಡು ಹಿಡಿದುಕೊಂಡು ಓಡಾಡತೊಡಗಿದರು. ಗವಿಸಿದ್ದೇಶ ಹಾರ್ನು ಮಾರಿದ, ಡೆಕ್ಕು ಮಾರಿದ, ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ರೆಕಾರ್ಡರ್, ಆಂಪ್ಲಿಫೈಯರ್ ಕೇಳಿ ಬಂದವರನ್ನು ಬೈದು ಕಳಿಸಿದ. ಸೋಮವಾರ ಅಂಗಡಿ ತೆಗೆಯುತ್ತಿರಲಿಲ್ಲ. ಯಾಕೆಂದು ಕೇಳಿದರೆ ಬಸವಣ್ಣನ ವಾರ ಅನ್ನುತ್ತಿದ್ದ.

ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ಅನ್ನದಾನಮ್ಮ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಗವಿಸಿದ್ದೇಶನಿಗೆ ಮುಂದಿನ ಸೋಮವಾರದ ತನಕ ಎದೆಯಲ್ಲಿ ಒಂದೇ ಭಯ. ಕೆಳಗಿದ್ದವಳಿಗೆ ಗೊತ್ತಾಗಿರುತ್ತದೆಯೇ? ಮಾತು ಕೊಟ್ಟಾಗಿತ್ತು. ಬಂಡೆ ಸರಿಸಿದ, ಸ್ಪೀಕರ್ ಇಳಿಸಿದ, ಮೈಕು ಇಳಿಸಿದ. ಮಣೆಯ ಮೇಲೆ ತಾನೇ ಕೂತು ಹೆಡ್‌ಫೋನ್ ಹಾಕಿಕೊಂಡ.

ಅನ್ನದಾನಮ್ಮ ಹಾಡಿದರು. ಕಲ್ಲು ದನಿಯನ್ನು ದುಂಡಗೆ ಮಾಡಿ ಕೊಟ್ಟಿತು. ಪ್ರತಿಧ್ವನಿ ತೀರಿತು.

ಖಾಲಿ ಜಾಗದಲ್ಲಿ ಏನೂ ಬರಲಿಲ್ಲ.

ಎರಡನೇ ಸಾಲು. ಏನೂ ಇಲ್ಲ. ಮೂರನೆಯದು. ಹೆಡ್‌ಫೋನನ್ನು ಒತ್ತಿ ಹಿಡಿದ. ಕಾಯುತ್ತಾ ಕೂತವರ ಆ ಬಿಗಿಯೂ ಇರಲಿಲ್ಲ. ಜೋಳವಿಲ್ಲದ ಒಂದು ಹಗೇವು, ಅಷ್ಟೇ. ಇಷ್ಟು ವರ್ಷ ಹೆದರಿಕೊಂಡೇ ಕೇಳಿದ ದನಿ ಅದು. ಈಗ ಬರಲಿಲ್ಲವೆಂದು ಅವನಿಗೆ ಅಳು ಬಂತು.

ಬಟ್ಟೆ ಒಣಹಾಕಲು ಬಂದ ಪುಷ್ಪಲತಾ ನೋಡುತ್ತಾಳೆ, ಗಂಡ ಎದ್ದು ನಿಂತು ಮೈಕಿನ ವೈರನ್ನು ಎರಡೂ ಕೈಯಲ್ಲಿ ಹಿಡಿದು ಗಡಬಡಿಸಿ ಮೇಲಕ್ಕೆಳೆಯುತ್ತಿದ್ದಾನೆ.

"ಹಾಡು ಇನ್ನೂ ಮುಗಿದಿಲ್ಲಲ್ಲರಿ. ಯಾಕ ಎಳ್ಯಾಕತ್ತೀರಿ?"

"ಕೆಳಗಿಂದ ದನಿ ಬರವಲ್ದು," ಅಂದ ಅವನು. "ಎಳೀಬೇಕಲ್ಲೇನು?"

ಅವಳು ಬಟ್ಟೆ ಕೆಳಗಿಟ್ಟು ಬಂದು, ತಾನೂ ವೈರಿಗೆ ಕೈ ಹಾಕಿದಳು.