ಉಡಿ ತುಂಬಿಸ್ಕೊಂಡು ಹಾವೇರಿಗೆ ಹೋದ ನಿಂಬಿ ಎಲಿ

ಅಗಡಿಯ ನಮ್ಮ ಹಿತ್ತಲದ ನಿಂಬಿಗಿಡಕ್ಕ ವೈರಾಯ್ಡ್ ರೋಗ ಐತಿ ಅಂತ ಮೊದಲ ಹೇಳಿದಾಕಿ ನಾನ. ರಾಣೆಬೆನ್ನೂರ ಕಾಲೇಜಿನ್ಯಾಗ ಪಿಯುಸಿ ಓದಾಕತ್ತೇನಿ. ಬಯಾಲಜಿ ಪುಸ್ತಕದಾಗ ವೈರಸ್ಸಿಗಿಂತ ಸಣ್ಣ ಈ ವೈರಾಯ್ಡ್ ಬಗ್ಗೆ ನಾಕ ಸಾಲ ಅದಾವು, ಅದರಾಗ ಮೂರು ನನಗ ಬಾಯಿಪಾಠ. ವಿಜ್ಞಾನಿ ಆಗಾಕ ಇನ್ನೇನು ಬೇಕು.

ಗಿಡದ ಬುಡದಾಗ ತೊಗಟಿ ಸೀಳಿ ಹಕ್ಕಳಿ ಏಳಾಕತ್ತಿತ್ತು. ನಮ್ಮ ಕಾಕಾಗ ಹಬ್ಬ, ಯಾಕಂದ್ರ ಆ ಜಾಗಾದಾಗ ಅವಗ ಟ್ರ್ಯಾಕ್ಟರ್ ಶೆಡ್ ಹಾಕೋದಿತ್ತು. "ರೋಗ ಖರೇ ಆದ್ರ ಕಡದ ಬಿಡ್ತೇನಿ," ಅಂದು ಕೊಡ್ಲಿ ಮಸದ. ಹರಿತ ನೋಡಾಕಂತ ಬೊಡ್ಡಿಗೆ ಒಂದು ಏಟೂ ಹಾಕಿದ. ಗಿಡ ಹಚ್ಚಿದಾಕಿ ಅವನ ಅವ್ವ, ನಮ್ಮ ಆಯಿ. ಅಕಿ ಅವತ್ತು ಉಣ್ಣಲಿಲ್ಲ. ಚಾ ಮಾತ್ರ ಮೂರು ಸಲ ಕುಡಿದ್ಲು.

ಹಾವೇರಿಯಾಗ ಗಿಡದ ಬ್ಯಾನಿ ನೋಡೋ ಮೇಡಂಗ ಫೋನ್ ಹಚ್ಚಿದೆ. "ಕಣ್ಣಲೆ ನೋಡಿ ಹೇಳೂದಲ್ಲವ್ವಾ ಅದು. ಎಲಿ ಸ್ವಚ್ಛ ಚೀಲದಾಗ ಹಾಕಿ ತಣ್ಣಗ ತಗೊಂಡು ಬಾ. ಕೊರೋನಾ ನೋಡಿದಂಗ ಮಷೀನಿನ್ಯಾಗ ನೋಡಸ್ತೇವಿ," ಅಂದ್ರು.

ಎಲಿ ಹರದು ಚೀಲದಾಗ ಹಾಕಿ, ಬರ್ಫ್ ತರಾಕ ಹೋದೆ. ಬರೂದ್ರಾಗ ಆಯಿ ಚೀಲಾನ ಟಾವೆಲ್ಲಿನ್ಯಾಗ ಕಟ್ಟಿ ಇಟ್ಟಿದ್ಲು. ಗಂಟು ಭಾರ ಇತ್ತು. ರೋಗ ಭಾಳ ಐತಿ ಅಂತ ತಿಳಕೊಂಡೆ.

ಬಸ್ಸಿನ್ಯಾಗ ಕಂಡಕ್ಟರ್‌ಗೂ ಪಾಠ ಮಾಡಿದೆ. "ವೈರಸ್ಸಿಗೆ ಮೈಮ್ಯಾಲೆ ಅಂಗಿ ಇರ್ತದ್ರಿ. ಇದಕ್ಕ ಅದೂ ಇಲ್ಲ."

"ಹಂಗಾರ ಮುಚ್ಚಿ ಹಿಡಕೊ ತಂಗಿ, ಮಂದಿ ಅದಾರ."

ಹಾವೇರಿಯಾಗ ಮೇಡಂ ಗಂಟು ಬಿಚ್ಚಿದ್ರು. ಒಳಗ ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸದ ಕಣ. ಒಂದೊಂದು ಎಲಿಗೂ ಕುಂಕುಮ. ದೃಷ್ಟಿ ತಾಗಬಾರದಂತ ನಾಕು ಬ್ಯಾಡಗಿ ಮೆಣಸಿನಕಾಯಿ, ಅವೂ ಒಡದಿದ್ದು. ಮೇಡಂ ಏಳು ಸಲ ಸೀನಿದ್ರು, ಪಕ್ಕದ ಖೋಲಿಯವರು ಎಂಟು ಸಲ.

"ಇದು ಸ್ಯಾಂಪಲ್ಲೋ, ಸೀಮಂತಕ್ಕ ಬಂದೀಯೋ?"

ನಮ್ಮ ಮನಿಯಿಂದ ಯಾವ ಹೆಣ್ಣೂ ಉಡಿ ತುಂಬಿಸ್ಕೊಳ್ಳದ ಹೊರಗ ಹೋಗಿಲ್ಲ. ಕಾಯಿ ಬಿಡೋ ಗಿಡ ಆಯಿ ಲೆಕ್ಕದಾಗ ಹೆಣ್ಣ.

ಆ ಎಲಿ ನಡಿಯಂಗಿಲ್ಲಂತ ಮರುದಿನ ಮೇಡಂ ತಾವ ಅಗಡಿಗೆ ಬಂದು ಬ್ಯಾರೆ ಎಲಿ ಒಯ್ದರು. ಆಯಿ ಅವರಿಗೂ ಉಡಿ ತುಂಬಿ ಕಳಿಸಿದ್ಲು.

ಕೆಲವು ವಾರ ಬಿಟ್ಟು ವರದಿ ಬಂತು. ವೈರಾಯ್ಡ್ ಐತಿ, ಔಷಧ ಇಲ್ಲ. ನಾನು ಖುಷಿಯಿಂದ ಜೋರಾಗಿ ಓದಿದೆ, ಆಮ್ಯಾಲೆ ಆಯಿ ಮಾರಿ ನೋಡಿ ದನಿ ಸಣ್ಣದಾತು. ಕಾಕಾ ಕೊಡ್ಲಿ ತಗೊಂಡ. ಆಯಿ ಹೋಗಿ ಗಿಡಕ್ಕ ಆತು ಕುಂತ್ಲು.

"ನನಗೂ ಶುಗರ್ ಐತಿ. ವಾಸಿ ಆಗೂದಿಲ್ಲ ಅಂತ ಡಾಕ್ಟರ್ ಹೇಳ್ಯಾನ. ಮೊದಲ ನನ್ನ ಕಡಿ, ಆಮ್ಯಾಲೆ ಇದನ್ನ."

ಕಾಕಾ ನನ್ನ ಕಡೆ ನೋಡಿದ. ನಾನು ಮೇಡಂಗ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. "ಸುತ್ತ ಬ್ಯಾರೆ ನಿಂಬಿ ಇಲ್ಲಂದ್ರ ಇರ್ಲಿ ಬಿಡ್ರಿ," ಅಂದ್ರು. "ಅದು ಗಾಳೀಲೆ ಹೋಗಂಗಿಲ್ಲ, ಚಾಕು ಕತ್ತರೀಲೆ ಹೋಗತದ. ಇದರ ಟೊಂಗಿ ಯಾರಿಗೂ ಕಸಿಗೆ ಕೊಡಬ್ಯಾಡ್ರಿ. ಇದಕ್ಕ ಮುಟ್ಟಿದ್ದನ್ನೆಲ್ಲಾ ಬ್ಲೀಚಿಂಗ್ ಪೌಡರ್ ನೀರಾಗ ಅದ್ದಿ ತೊಳೀರಿ."

"ಕೊಡ್ಲೀನೂ?" ಕಾಕಾ ಕೇಳಿದ.

"ಕೊಡ್ಲಿ ಯಾಕ ಮುಟ್ಟಿಸಿದ್ರಿ?"

ಕಾಕಾ ಕೊಡ್ಲಿ ಕೆಳಗಿಟ್ಟ. ಬಕೀಟು ತಂದಾಕಿ ಆಯಿ. ಟ್ರ್ಯಾಕ್ಟರ್ ಈಗೂ ಬಿಸಿಲಾಗ ನಿಂತೈತಿ. ಅದರ ಮುಂದಿನ ಬಂಪರಿಗೆ ಪ್ರತಿ ಅಮಾಸಿಗೆ ಅದ ಗಿಡದ ನಿಂಬಿಕಾಯಿ ಕಟ್ಟಾಂವ ಕಾಕಾನ.